ಹದಿನಾರನೇ ನಂಬರಿನ ಮುಚ್ಚಳ

ಕಡ್ಡಿಪೆಟ್ಟಿಗೆಯ ಬದಿಯಿಂದ ಕತ್ತರಿಸಿದ ರಟ್ಟಿನ ಚೂರು. ಕಿರುಬೆರಳಿನ ಉಗುರಿನಷ್ಟು ಅಗಲ, ಎರಡು ಸಲ ಮಡಚಿದ್ದು. ಕಡ್ಡಿ ಗೀರುವ ಕಂದು ಪಟ್ಟಿ ಒಂದು ಅಂಚಿನಲ್ಲಿ ಇನ್ನೂ ಉಳಿದಿತ್ತು. ಅದನ್ನು ಹದಿನಾರನೇ ನಂಬರಿನ ಹಿತ್ತಾಳೆಯ ಮುಚ್ಚಳದ ಸಂದಿಗೆ, ಮುಚ್ಚಳ ಬೀಳದ ಹಾಗೆ, ಬಿಗಿಯಾಗಿ ಸಿಕ್ಕಿಸಿದ್ದರು. ಉಳಿದ ನಲವತ್ತೊಂಬತ್ತು ಮುಚ್ಚಳಗಳ ಸಂದಿಯಲ್ಲಿ ಏನೂ ಇರಲಿಲ್ಲ. ನಾನು ಒಂದೊಂದನ್ನೂ ನೋಡಿದೆ.

ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡನ್ನು ಒರೆಸುವುದು ಹೊಸದಾಗಿ ಬಂದವರ ಕೆಲಸ. ನಾನು ಬಂದು ಮೂರನೆಯ ದಿನವಾಗಿತ್ತು. ಎಂ.ಎ. ಮುಗಿಸಿ, ಕಾಲೇಜಿನ ಕೆಲಸಕ್ಕೆ ಹಾಕಿದ ಅರ್ಜಿಗಳಿಗೆ ಉತ್ತರ ಬರುವವರೆಗೆ ಸುಮ್ಮನಿರಬಾರದೆಂದು ಈ ಕೆಲಸಕ್ಕೆ ಸೇರಿದ್ದೆ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಊರುಗಳಲ್ಲಿ ಯಾವ ಆಪರೇಟರು ರಜೆ ಹಾಕಿದರೂ ಅವರ ಕುರ್ಚಿಯಲ್ಲಿ ನಾನು ಕೂರಬೇಕು. ಎಂಬತ್ತರ ದಶಕದ ನಡುವಿನ ಎರಡು ವರ್ಷ ಹಾಗೆ ಕಳೆಯಿತು. ಇಲ್ಲಿ ಬರೆಯುತ್ತಿರುವುದು ಮೂರರಲ್ಲಿ ಯಾವ ಊರಿನಲ್ಲಿ ನಡೆಯಿತೆಂದು ಹೇಳುವುದಿಲ್ಲ. ಮೂರರಲ್ಲೂ ಬಸ್ ನಿಲ್ದಾಣದ ಎದುರು ಒಂದೇ ಬಗೆಯ ಚಹದಂಗಡಿ, ಊರು ದಾಟಿದ ಕೂಡಲೆ ಒಂದೇ ಬಗೆಯ ತೊಗರಿ ಹೊಲ. ಹೆಸರು ಹೇಳದಿದ್ದರೆ ಓದುವವರಿಗೆ ನಷ್ಟವಿಲ್ಲ.

ಈಗ ಡಯಲ್ ತಿರುಗಿಸಿದರೆ ತಾನಾಗಿ ಹೋಗುವ ಫೋನು ಬಂದಿರುವುದರಿಂದ ಆಗಿನ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು. ಊರಿನಲ್ಲಿ ಐವತ್ತು ಫೋನುಗಳಿದ್ದವು. ಫೋನಿನ ಪಕ್ಕದ ಹಿಡಿಕೆಯನ್ನು ತಿರುವಿದರೆ ನಮ್ಮ ಬೋರ್ಡಿನಲ್ಲಿ ಆ ನಂಬರಿನ ಮುಚ್ಚಳ ಟಕ್ಕೆಂದು ಬೀಳುತ್ತಿತ್ತು. ಬಿದ್ದದ್ದನ್ನು ನೋಡಿ ನಾವು ಆ ನಂಬರಿಗೆ ಪ್ಲಗ್ ಹಾಕಿ, ಯಾರು ಬೇಕೆಂದು ಕೇಳಿ, ಇನ್ನೊಂದು ಪ್ಲಗ್ಗಿನಿಂದ ಅವರನ್ನು ಜೋಡಿಸುತ್ತಿದ್ದೆವು. ಹೊರಗಿನ ಊರುಗಳಿಂದ ಬರುವ ಟ್ರಂಕ್ ಕಾಲ್‌ಗೂ ಅಷ್ಟೇ. ಗುಲಬರ್ಗಾದವರು ನಮಗೆ ಕೊಡುತ್ತಾರೆ, ನಾವು ಊರಿನ ಫೋನಿಗೆ ಕೊಡುತ್ತೇವೆ. ಮುಚ್ಚಳ ಬೀಳದಿದ್ದರೆ ಆ ಮನೆಯವರು ಎಷ್ಟು ತಿರುವಿದರೂ ನಮ್ಮ ಪಾಲಿಗೆ ಅವರು ಇಲ್ಲ.

ರಟ್ಟನ್ನು ಕೀಳಲು ಬೆರಳು ಹಾಕಿದೆ. ಹಿಂದಿನಿಂದ ಮಾತು ಬಂತು.

"ತಂಗಿ, ಅದನ್ನ ಮುಟ್ಟಬ್ಯಾಡ."

ಹಿರಿಯ ಆಪರೇಟರು. ಊರೆಲ್ಲ ಅವರನ್ನು ಬಾಯಾರು ಎನ್ನುತ್ತಿತ್ತು. ಐವತ್ತು ದಾಟಿದ ದಪ್ಪ ಹೆಂಗಸು, ಇಪ್ಪತ್ತೆರಡು ವರ್ಷ ಅದೇ ಬೋರ್ಡಿನ ಮುಂದೆ ಕುಳಿತವರು. ರಾತ್ರಿ ಪಾಳಿ ಅವರದು, ಹಗಲಿನದು ನನ್ನದು. ಆದರೂ ಬೆಳಿಗ್ಗೆ ಹನ್ನೊಂದರವರೆಗೆ ಅವರು ಮನೆಗೆ ಹೋಗುತ್ತಿರಲಿಲ್ಲ. ನನಗೆ ಕೆಲಸ ಕಲಿಸಬೇಕೆಂದು ಗೋಡೆಯ ಪಕ್ಕ ಕುಳಿತು ಸ್ವೆಟರ್ ಹೆಣೆಯುತ್ತಿದ್ದರು. ಏಪ್ರಿಲ್ ತಿಂಗಳು. ಆ ಭಾಗದ ಏಪ್ರಿಲ್‌ನಲ್ಲಿ ಉಣ್ಣೆಯನ್ನು ಮುಟ್ಟುವ ಇನ್ನೊಬ್ಬರನ್ನು ನಾನು ಈವರೆಗೂ ಕಂಡಿಲ್ಲ.

"ಕೆಟ್ಟದೇನ್ರಿ ಬಾಯಾರ?"

"ಕೆಟ್ಟಿಲ್ಲ. ಮಲಗೇದ. ಅಂವ ದಿನಾ ಹತ್ತ ಸಲ ತಿರುವತಿದ್ದ. ನನಗ ಯಾರರೆ ಫೋನ್ ಮಾಡ್ಯಾರೇನ್ರಿ ಅಂತ ಕೇಳಾಕ. ನಾ ಏನ ಅವನ ಸೋದರತ್ತಿನಾ?"

ಹದಿನಾರು ಎಂದರೆ ಮದುವೆಗೆ ಬಾರಿಸುವ ಬ್ಯಾಂಡಿನವರ ಮನೆ. ಊರಿನಲ್ಲಿ ಅಂಥವು ಎರಡಿದ್ದವು, ಇನ್ನೊಂದು ಒಂಬತ್ತನೇ ನಂಬರು. ನನಗೆ ಇದು ಗೊತ್ತಾದದ್ದು ಬೋರ್ಡಿನ ಮೇಲೆ ಅಂಟಿಸಿದ್ದ ಒಂದು ಹಾಳೆಯಿಂದ. ಹಳ್ಳಿಗಳಿಂದ, ಸೋಲಾಪುರದ ಕಡೆಯಿಂದ ಫೋನು ಮಾಡುವವರಿಗೆ ನಮ್ಮ ಊರಿನ ನಂಬರುಗಳು ಗೊತ್ತಿರುತ್ತಿರಲಿಲ್ಲ. ಅವರು ಬೇಕಾದ ಕಸುಬನ್ನು ಹೇಳುತ್ತಿದ್ದರು: ಡಾಕ್ಟರರಿಗೆ ಹಚ್ಚರಿ, ಲಾರಿಯವರಿಗೆ ಹಚ್ಚರಿ. ಅಂಥವರಿಗೆ ಏನು ಮಾಡಬೇಕೆಂದು ಬಾಯಾರು ದುಂಡಗಿನ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಡಾಕ್ಟರ್ ಅಂದರ ಇಪ್ಪತ್ತೆರಡು. ಲಾರಿ ಅಂದರ ಮೂವತ್ತೊಂದು. ವಕೀಲರು ಅಂದರ ಐದು. ಬ್ಯಾಂಡ್ ಅಂದರ ಒಂಬತ್ತು. ಊರಿನಲ್ಲಿ ಡಾಕ್ಟರರು ಮೂವರಿದ್ದರು, ವಕೀಲರು ನಾಲ್ವರು.

ಯಾಕೆ ಹೀಗೆ ಎಂದು ಕೇಳಿದೆ. ಬಾಯಾರು ಮುಚ್ಚುಮರೆ ಮಾಡಲಿಲ್ಲ.

"ಇಪ್ಪತ್ತೆರಡರ ಡಾಕ್ಟರ್ ಸಾವಕಾಶ ಮಾತಾಡ್ತಾರ. ಉಳಿದವರು ಕಿವ್ಯಾಗ ಒದರ್ತಾರ. ಮೂವತ್ತೊಂದರ ಲಾರಿಯಂವ ಮಾತು ಮುಗಿದ ಮ್ಯಾಲೆ ನೆನಪಿಟ್ಟು ಹ್ಯಾಂಡಲ್ ತಿರುವತಾನ, ಮುಗೀತು ಅಂತ ತಿಳೀತದ. ಉಳಿದವರು ಹಂಗ ಇಟ್ಟು ಊಟಕ್ಕ ಹೋಗ್ತಾರ."

"ವಕೀಲರು?"

"ಐದರ ತೂತು ಕೈಗೆ ಹತ್ರ ಅದ."

"ಮತ್ತ ಬ್ಯಾಂಡ್‌ನವರು?"

"ಅದರ ಕತಿ ಬ್ಯಾರೆ," ಎಂದು ಅವರು ಹೆಣಿಗೆಯ ಕುಣಿಕೆ ಎಣಿಸತೊಡಗಿದರು.

ಯಾರಾದರೂ ನಂಬರು ಹಿಡಿದೇ ಹದಿನಾರನ್ನು ಕೇಳಿದರೆ ಬಾಯಾರಲ್ಲಿ ಅದಕ್ಕೂ ಉತ್ತರವಿತ್ತು. ಅದನ್ನು ಮರುದಿನ ಕೇಳಿದೆ. "ಹದಿನಾರರವರು ಎತ್ತವಲ್ರು. ಒಂಬತ್ತು ಕೊಡ್ಲಿ? ಅವರೂ ಬ್ಯಾಂಡ್‌ನವರ." ಹದಿನಾರಕ್ಕೆ ಅವರು ಗಂಟೆಯನ್ನೇ ಕೊಟ್ಟಿರಲಿಲ್ಲ. ಹೊರಗಿನವರು ಒಂಬತ್ತನ್ನೇ ಕರೆಸುತ್ತಾರೆಂದರೆ ಅದೇ ಒಳ್ಳೆಯದಿರಬೇಕೆಂದು ಊರಿನವರೂ ಒಂಬತ್ತನ್ನೇ ಕರೆಯುತ್ತಿದ್ದರು.

ನಾನು ಏನೂ ಹೇಳಲಿಲ್ಲ. ನನಗೆ ಹೇಳಿದಷ್ಟು ಮಾಡುವ ಅಭ್ಯಾಸ. ಜೊತೆಗೆ ಕೆಲಸಕ್ಕೆ ಸೇರುವಾಗ, ಬೋರ್ಡಿನ ಮುಂದೆ ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಒಂದು ಕಾಗದಕ್ಕೆ ರುಜು ಹಾಕಿದ್ದೆ. ಆ ಕಾಗದವನ್ನು ನಾನು ಇತರರಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಂಡಿದ್ದೆ ಎಂದು ಈಗ ಅನಿಸುತ್ತದೆ.

ಶುಕ್ರವಾರ ಮಧ್ಯಾಹ್ನ ಬಾಯಾರು ಮಲಗಲು ಮನೆಗೆ ಹೋದ ಮೇಲೆ ಒಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಲ ಮಣಿಕಟ್ಟಿಗೆ ಅರಿಸಿನದ ಬಟ್ಟೆ. ಎಕ್ಸ್‌ಚೇಂಜಿಗೆ ಬಂದವರು ಯಾರೂ ಹೆಸರು ಹೇಳುತ್ತಿರಲಿಲ್ಲ.

"ನಮಸ್ಕಾರ್ರಿ. ಹದಿನಾರರಿಂದ ಬಂದೇನಿ."

"ಬರ್ರಿ ಕಾಕಾರ. ಕುಂದರ್ರಿ."

ಅವರು ಕೂರಲಿಲ್ಲ. "ಜೋರಲೆ ತಿರುವ್ರಿ ಅಂತ ಬಾಯಾರು ಹೇಳಿದ್ರು. ತಿರುವೇನಿ. ಹ್ಯಾಂಡಲ್ ಕೈಯಾಗ ಬಂತು. ಲೈನ್‌ಮನ್ ಹೊಸಾದು ಹಾಕಿ ಕೊಟ್ಟ. ಅದನ್ನೂ ತಿರುವೇನಿ. ಈಗ ನೋಡ್ರಿ, ಕೈ ಎತ್ತಾಕ ಬರವಲ್ದು. ಈ ಕೈಲೆ ಕ್ಲಾರಿನೆಟ್ ಹಿಡೀಬೇಕ್ರಿ ಯವ್ವಾ." ಆಮೇಲೆ ಕೇಳಿದರು: "ನಂದೊಂದು ಸಣ್ಣ ಮಾತು. ಲೈನ್ ಬರೋಬರಿ ಅದನೋ ಇಲ್ಲೋ, ಇಷ್ಟ ನೋಡಿ ಹೇಳ್ರಿ."

ನಾನು ಪ್ಲಗ್ ಹಾಕಿ ಹದಿನಾರಕ್ಕೆ ಗಂಟೆ ಕೊಟ್ಟೆ. ನಮ್ಮ ಕಡೆಯಿಂದ ಗಂಟೆ ಹೊಡೆಯಲು ಮುಚ್ಚಳದ ಹಂಗಿಲ್ಲ. ಬಹಳ ಹೊತ್ತಿನ ಮೇಲೆ ಯಾರೋ ಎತ್ತಿದರು. ಪಕ್ಕದ ರಿಸೀವರನ್ನು ಅವರ ಕೈಗೆ ಕೊಟ್ಟೆ. ಅವರ ಹೆಂಡತಿಯ ಧ್ವನಿ ನನ್ನ ಕಿವಿಗೂ ಕೇಳುತ್ತಿತ್ತು.

"ಯಾರ್ರಿ?"

"ನಾನ."

"ನಾನ ಅಂದ್ರ ಯಾರ್ರಿ?"

"ನಿನ್ನ ಗಂಡ ಬೇ."

"ಅವರು ಮನ್ಯಾಗಿಲ್ರಿ. ನಮ್ಮ ಫೋನ್ ಕೆಟ್ಟದ, ಅದನ್ನ ಹೇಳಾಕ ಎಕ್ಸ್‌ಚೇಂಜಿಗೆ ಹೋಗ್ಯಾರ."

"ನಾನ ಮಾತಾಡಾಕತ್ತೇನಿ. ಎಕ್ಸ್‌ಚೇಂಜಿನಿಂದ."

"ಎಕ್ಸ್‌ಚೇಂಜಿನವರೇನ್ರಿ? ಲಗೂನ ಬಂದು ರಿಪೇರಿ ಮಾಡ್ರೆಪ್ಪ. ಅವರು ಊಟ ಬಿಟ್ಟಾರ."

ಅವರು ರಿಸೀವರನ್ನು ಮೆಲ್ಲಗೆ ಕೆಳಗಿಟ್ಟರು.

"ಲೈನ್ ಬರೋಬರಿ ಅದ ಅಲ್ರಿ?"

"ಲೈನ್ ಬರೋಬರಿ ಅದರಿ ಕಾಕಾರ," ಎಂದೆ.

ಇದು ನಿಜ. ಲೈನಿನಲ್ಲಿ ಯಾವ ದೋಷವೂ ಇರಲಿಲ್ಲ. ಅವರು ಲೈನಿನ ಬಗ್ಗೆ ಕೇಳಿದ್ದರು, ನಾನು ಲೈನಿನ ಬಗ್ಗೆ ಹೇಳಿದ್ದೆ. ರಟ್ಟಿನ ಚೂರು ನನ್ನ ಮುಖಕ್ಕೆ ಒಂದು ಮೊಳ ದೂರದಲ್ಲಿತ್ತು.

"ಹಂಗಾರ ನನ್ನ ಊದೂದರಾಗ ಏನೋ ಕಮ್ಮಿ ಬಿದ್ದದ," ಎಂದರು ಅವರು, ನನಗಲ್ಲ, ತಮ್ಮ ಮಣಿಕಟ್ಟಿಗೆ. "ಲೈನ್ ಕೆಟ್ಟಿದ್ರ ಛಲೋ ಇತ್ತು. ನಾಕ ತಿಂಗಳಾತು ಯವ್ವಾ. ಲಗ್ನದ ಹಂಗಾಮು ಪೂರಾ ಮನ್ಯಾಗ ಕುಂತೇನಿ. ಹನ್ನೆರಡ ಮಂದಿ ಇದ್ವಿ, ಏಳು ಮಂದಿ ಒಂಬತ್ತಕ್ಕ ಹೋದ್ರು. ಮಂದಿ ಕಿವಿ ಸುಳ್ಳ ಹೇಳಾಂಗಿಲ್ಲ. ಯಾರೂ ಕರೀವಲ್ರು ಅಂದ್ರ ಊದಾವನ ತಪ್ಪ."

ಆಮೇಲೆ ಬಾಗಿಲ ಕಡೆ ನೋಡಿ ಧ್ವನಿ ಇಳಿಸಿದರು. ಸೋಮವಾರ ಬೆಳಿಗ್ಗೆ ಒಂಬತ್ತನೇ ನಂಬರಿನವರು ಬಂದು ಬ್ಯಾಂಡಿನ ಸಾಮಾನೆಲ್ಲ ಕ್ರಯಕ್ಕೆ ಒಯ್ಯುತ್ತಾರೆ. ಭಾನುವಾರ ಅಮಾವಾಸ್ಯೆ, ಅಮಾಸಿ ದಿನ ಸಾಮಾನು ಹೊರಗೆ ಹಾಕಬಾರದೆಂದು ಒಂದು ದಿನ ಮುಂದೆ ಹಾಕಿದ್ದಾರೆ. ದೊಡ್ಡ ಡೋಲು, ಎರಡು ಸಣ್ಣವು, ತುತ್ತೂರಿಗಳು, ಕ್ಲಾರಿನೆಟ್.

"ಕ್ಲಾರಿನೆಟ್‌ನೂ ಕೊಡ್ತೀರೇನ್ರಿ?"

"ಅದು ಮನ್ಯಾಗಿದ್ರ ಊದಬೇಕ ಅನಸ್ತದ. ಊರಾಗ ಯಾರ ಮುಂದೂ ಹೇಳಬ್ಯಾಡ್ರಿ, ಮಾನದ ಮಾತು."

ಹೇಳುವುದಿಲ್ಲವೆಂದೆ. ಹೇಳದಿರುವುದು ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ.

ಮರುದಿನ ಶನಿವಾರ ಬಾಯಾರು ಮನೆಗೆ ಹೋದ ಕೂಡಲೆ ಹೇರ್‌ಪಿನ್ನಿನಿಂದ ರಟ್ಟನ್ನು ಕಿತ್ತು ಪರ್ಸಿನಲ್ಲಿಟ್ಟೆ. ಗೋಡೆಯ ಹಾಳೆಯನ್ನು ಪಾಲಿಸುವುದಿಲ್ಲವೆಂದೂ ನಿರ್ಧರಿಸಿದೆ. ಯಾವ ಬ್ಯಾಂಡಿನವರ ಪರವೂ ಇಲ್ಲ, ಕೇಳುವವರು ತಾವೇ ಆರಿಸಿಕೊಳ್ಳಲಿ. ಇಷ್ಟು ಸರಳವಾದದ್ದು ಇಪ್ಪತ್ತೆರಡು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಒಂದೂವರೆಗೆ ಹಿರೋಳ್ಳಿಯಿಂದ ಒಂದು ಟ್ರಂಕ್ ಕಾಲ್ ಬಂತು.

"ಬ್ಯಾಂಡ್‌ನವರಿಗೆ ಹಚ್ಚರಿ."

"ಬ್ಯಾಂಡ್ ಎರಡ ಅದಾವ್ರಿ. ಒಂಬತ್ತು, ಹದಿನಾರು. ಯಾವುದಕ್ಕ ಹಚ್ಚಲಿ?"

"ಛಲೋದಕ್ಕ ಹಚ್ಚರಿ."

"ಯಾವುದು ಛಲೋ ಅಂತ ನಾ ಹೇಳೂಹಂಗಿಲ್ರಿ."

"ಯಾಕ, ನೀವು ಕೇಳಿಲ್ಲೇನು?"

"ಕೇಳಿದ್ರೂ ಹೇಳೂಹಂಗಿಲ್ರಿ."

"ಹಂಗಾರ ಯಾವುದರೆ ಒಂದಕ್ಕ ಹಚ್ಚರಿ."

"ಅದನ್ನೂ ನೀವ ಹೇಳಬೇಕ್ರಿ. ನಾ ಆರಸೂಹಂಗಿಲ್ಲ."

ಆ ಕಡೆ ಅವರು ಯಾರೊಂದಿಗೋ ಮಾತಾಡಿದರು. ಫೋನ್ ಎತ್ತಿದಾಕೆಗೆ ತಲೆ ಸರಿ ಇದ್ದಂತಿಲ್ಲ ಎಂಬ ಅರ್ಥದ ಮಾತು. ಮತ್ತೆ ನನ್ನ ಕಡೆ ತಿರುಗಿದರು.

"ಅಕ್ಕಾರ, ಬ್ಯಾರೆ ಥರಾ ಕೇಳ್ತೇನಿ. ನಿಮ್ಮ ಲಗ್ನಕ್ಕ ಯಾವುದನ್ನ ಕರಸಿದ್ರಿ?"

"ನನ್ನ ಲಗ್ನ ಆಗಿಲ್ರಿ."

"ಯಾಕಾಗಿಲ್ಲ?"

ನಾನು ಉತ್ತರ ಕೊಡುವ ಮೊದಲೇ ಮೂರು ನಿಮಿಷ ಮುಗಿಯಿತೆಂದು ಗುಲಬರ್ಗಾದ ಆಪರೇಟರು ನಡುವೆ ಬಂದು ಲೈನು ಕಿತ್ತರು. ಹಿರೋಳ್ಳಿಯ ಆ ಮದುವೆಗೆ ಕೊನೆಗೆ ಯಾರು ಬಾರಿಸಿದರೋ ಗೊತ್ತಿಲ್ಲ. ಯಾರೂ ಬಾರಿಸದೆ ಇರಲಿಕ್ಕೂ ಸಾಕು, ಮತ್ತು ಅದರ ಹೊಣೆ ನನ್ನದು.

ಜನರಿಗೆ ಆರಿಸಲು ಕೊಟ್ಟರೆ ಮೂರು ನಿಮಿಷ ಸಾಲುವುದಿಲ್ಲ ಎಂದು ತಿಳಿದು ಸರದಿ ಪದ್ಧತಿ ಮಾಡಿದೆ. ಮೊದಲು ಕೇಳಿದವರಿಗೆ ಒಂಬತ್ತು, ಆಮೇಲಿನವರಿಗೆ ಹದಿನಾರು, ಮತ್ತೆ ಒಂಬತ್ತು. ಒಂದು ಚೀಟಿಯ ಹಿಂದೆ ಗೆರೆ ಎಳೆದು ಎರಡು ಸಾಲು ಮಾಡಿಕೊಂಡೆ. ಮೊದಲನೆಯದು ನಿಂಬರ್ಗಾದಿಂದ ಬಂತು, ಒಂಬತ್ತಕ್ಕೆ ಹೋಯಿತು. ಮೂರು ಗಂಟೆಯ ಹೊತ್ತಿಗೆ ಕೊಳಕೂರಿನ ಒಬ್ಬ ಜಮೀನುದಾರರ ಮನೆಯಿಂದ ಬಂತು. ಮಗಳ ಮದುವೆ, ಬ್ಯಾಂಡು ಬೇಕು. ಹದಿನಾರರ ಸರದಿ. ಗಂಟೆ ಕೊಟ್ಟೆ. ಜೋಡಣೆ ಆಯಿತೋ ಇಲ್ಲವೋ ಎಂದು ಮೊದಲ ಒಂದೆರಡು ಮಾತು ಕೇಳಿ ಖಾತ್ರಿ ಮಾಡಿಕೊಳ್ಳುವುದು ನಮ್ಮ ಕ್ರಮ. ಶುಕ್ರವಾರ ಬಂದಿದ್ದ ಬ್ಯಾಂಡ್ ಮಾಸ್ತರರೇ ಎತ್ತಿದರು.

"ಯಾರ್ರಿ?"

"ಕೊಳಕೂರದಿಂದ್ರಿ. ಮಗಳ ಲಗ್ನ ಅದ. ಬ್ಯಾಂಡ್ ಬೇಕಾಗಿತ್ತು."



"ನಮ್ಮದು ಈಗ ಮದಲಿನಂಗ ಉಳಿದಿಲ್ರಿ," ಎಂದರು ಮಾಸ್ತರರು. "ಮಗಳ ಲಗ್ನ ಅಂತೀರಿ. ಸುಮ್ಮ ಕೆಟ್ಟ ಹೆಸರಾಗ್ತದ. ಒಂಬತ್ತಕ್ಕ ಮಾಡ್ರಿ, ಅವರನ್ನ ಎಲ್ಲಾರೂ ಕರಸ್ತಾರ."

ಫೋನಿಟ್ಟರು. ಹಿಡಿಕೆಯನ್ನು ತಿರುವಿದರು ಕೂಡ, ಮಾತು ಮುಗಿಯಿತೆಂದು ತಿಳಿಸಲು. ಅವರ ಮುಚ್ಚಳ ಟಕ್ಕೆಂದು ಬಿತ್ತು. ನಾಲ್ಕು ತಿಂಗಳಲ್ಲಿ ಅದು ಮೊದಲ ಸಲ ಬಿದ್ದದ್ದು, ಅದೂ ಬಂದ ಕೆಲಸವನ್ನು ಬಿಟ್ಟುಕೊಟ್ಟು.

ಕೊಳಕೂರಿನವರು ಲೈನಿನಲ್ಲೇ ಇದ್ದರು. "ಕೇಳಿದ್ರೆಲ್ಲ ಅಕ್ಕಾರ, ಅವರ ಹೇಳ್ಯಾರ. ಒಂಬತ್ತಕ್ಕ ಹಚ್ಚರಿ," ಎಂದರು. ಗಂಟೆ ಕೊಟ್ಟೆ. ಒಂಬತ್ತರಲ್ಲಿ ಯಾರೂ ಎತ್ತಲಿಲ್ಲ, ಎಲ್ಲರೂ ಒಂದು ಮದುವೆಗೆ ಹೋಗಿದ್ದರು. ಸೋಮವಾರ ಮತ್ತೆ ಮಾಡುತ್ತೇನೆಂದು ಅವರು ಹೇಳಿದರು. ಈ ಕರೆಯನ್ನು ಯಾರ ಸಾಲಿನಲ್ಲಿ ಬರೆಯಬೇಕೆಂದು ನನಗೆ ತಿಳಿಯಲಿಲ್ಲ. ಕೊನೆಗೆ ಸರದಿಯಂತೆ ಹದಿನಾರರ ಸಾಲಿನಲ್ಲಿ ಬರೆದೆ. ಎರಡು ಸಾಲುಗಳೂ ಸಮನಾಗಿದ್ದವು. ಆದರೂ ಸೋಮವಾರ ಬೆಳಿಗ್ಗೆ ಡೋಲು ಹೋಗುವುದು ಹೋಗುತ್ತದೆ.

ಭಾನುವಾರ, ಅಮಾವಾಸ್ಯೆ. ಮದುವೆಗಳಿಲ್ಲದ ದಿನ. ಹನ್ನೆರಡೂವರೆಗೆ ದೂರದಿಂದ ಡೋಲು, ತುತ್ತೂರಿಗಳ ಸದ್ದು ಕೇಳತೊಡಗಿತು. ಒಂದೇ ಹಾಡಿನ ಮೊದಲ ಸಾಲು, ಮತ್ತೆ ಮೊದಲ ಸಾಲು. ಎರಡನೆಯದಕ್ಕೆ ಅವರು ಹೋಗಲೇ ಇಲ್ಲ. ಒಂದು ಗಂಟೆಗೆ ಬಾಯಾರು ಒಳಗೆ ಬಂದರು. ಒಂದು ಕಂಕುಳಲ್ಲಿ ಚಾಪೆ, ಇನ್ನೊಂದರಲ್ಲಿ ದಿಂಬು. ಕಣ್ಣು ಕೆಂಪಾಗಿತ್ತು.

"ಇಲ್ಲೇ ಮಲಗ್ತೇನಿ ತಂಗಿ. ಮನ್ಯಾಗ ಸಾಧ್ಯ ಇಲ್ಲ."

"ಯಾಕ್ರಿ?"

"ಕೇಳವಲ್ದೇನ ನಿನಗ? ಒಂಬತ್ತರವರ ಶೆಡ್ಡು ನನ್ನ ಮನಿ ಹಿಂದಿನ ಗ್ವಾಡಿಗೆ ಹತ್ತೇದ. ರಾತ್ರಿ ಪೂರಾ ಇಲ್ಲಿ ಕುಂತು, ಮಧ್ಯಾಹ್ನ ಒಂದ ತಾಸು ಕಣ್ಣ ಮುಚ್ಚಬೇಕಂದ್ರ ಆ ಡೋಲು ನನ್ನ ತಲಿದಿಂಬಿನಾಗ ಬಾರಿಸ್ತದ."

ಚಾಪೆ ಹಾಸುತ್ತಾ ಅವರು ನಾನು ಮೂರನೆಯ ದಿನ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರು.

"ಅವರ ಮ್ಯಾಲಿನ ಪ್ರೀತಿಲೆ ಕರೆ ಕೊಡ್ತೇನಿ ಅಂತ ತಿಳದೀಯೇನು? ಅವರು ಊರಾಗ ಇರಬಾರದು. ಹೊರಗಿನ ಲಗ್ನ ಸಿಕ್ಕ ದಿನ ಹೊರಗ ಹೋಗ್ತಾರ. ನಾ ಮಲಗ್ತೇನಿ."

"ಹದಿನಾರರವರು?"

"ಅಂವ ಛಲೋ ಊದತಾನ. ಊರಾಗ ಅವನಂಗ ಊದವರು ಇಲ್ಲ. ಅವನ ಮನಿ ಆ ಕಡಿ ಹಳ್ಳದ ದಂಡಿಗೆ ಅದ. ಅಂವ ಮನ್ಯಾಗ ಕುಂತ್ರ ನನಗೇನ ತ್ರಾಸ ಇಲ್ಲ."

ಹೀಗೆ ಸುತ್ತಲ ನೂರು ಹಳ್ಳಿಗಳ ಮದುವೆಗಳಿಗೆ ಕೆಟ್ಟ ಬ್ಯಾಂಡು ಹೋಗುತ್ತಿತ್ತು, ಒಳ್ಳೆಯದು ಮನೆಯಲ್ಲಿ ಕೂತಿತ್ತು. ಒಬ್ಬರಿಗೆ ತಮ್ಮ ವಿದ್ಯೆ ಹೋಯಿತೆಂಬ ನಂಬಿಕೆ, ಇನ್ನೊಬ್ಬರಿಗೆ ತಮಗೆ ಅದು ಬಂತೆಂಬ ನಂಬಿಕೆ. ನಾನು ಎದ್ದು ನಿಂತು, ರಟ್ಟನ್ನು ನಾನೇ ಕಿತ್ತಿದ್ದೇನೆಂದು ಹೇಳಿದೆ.

"ಗೊತ್ತದ. ನಿನ್ನೆ ಸಂಜೀಕನ ನೋಡೇನಿ," ಎಂದು ಅವರು ದಿಂಬಿಗೆ ತಲೆಯಿಟ್ಟರು. "ಇಪ್ಪತ್ತೆರಡ ವರ್ಷದಾಗ ಆ ಬೋರ್ಡು ಇಷ್ಟ ಸ್ವಚ್ಛ ಇದ್ದದ್ದ ಇಲ್ಲ. ಸಂಶೇ ಬಂತು."

ಆಗ ಒಂಬತ್ತರ ಮುಚ್ಚಳ ಬಿತ್ತು. ಡೋಲು ನಿಂತಿತ್ತು. ಪ್ಲಗ್ ಹಾಕಿದೆ. ಒಂಬತ್ತರ ಬ್ಯಾಂಡಿನ ಮಾಲೀಕರು. ನಾನು ಅವರನ್ನು ನೋಡಿರಲಿಲ್ಲ, ಬಿಳಿ ಬೂಟು ಹಾಕುತ್ತಾರೆಂದು ಮಾತ್ರ ಕೇಳಿದ್ದೆ.

"ಬಾಯಾರು ಅದಾರೇನ್ರಿ? ಒಂದ ಖುಷಿ ಸುದ್ದಿ ಹೇಳೂದಿತ್ತು."

ರಿಸೀವರನ್ನು ಚಾಪೆಯವರೆಗೆ ಎಳೆದು ಬಾಯಾರ ಕಿವಿಗೆ ಹಿಡಿದೆ. ಮಾಲೀಕರದು ಗಟ್ಟಿ ಧ್ವನಿ, ನನಗೂ ಕೇಳಿಸುತ್ತಿತ್ತು.

"ಎಲ್ಲಾ ನಿಮ್ಮ ಆಶೀರ್ವಾದ್ರಿ ಬಾಯಾರ. ನಾಳಿಗೆ ಹದಿನಾರರ ಸಾಮಾನೆಲ್ಲಾ ನಮಗ ಬರ್ತದ. ಅವನ ಉಳದ ಮಂದೀನೂ ಬರ್ತಾರ. ದೊಡ್ಡ ಡೋಲ ಎರಡಾಗ್ತಾವ್ರಿ. ಹೊಸ ಮಂದಿ ಹೊಂದಬೇಕಲ್ಲ, ಅದಕ್ಕ ಇನ್ಮ್ಯಾಲೆ ಎರಡು ಮೇಳ ಮಾಡ್ತೇನಿ. ಒಂದು ಹೊರಗ ಹೋದ್ರ ಇನ್ನೊಂದು ಮನ್ಯಾಗ ಪ್ರಾಕ್ಟೀಸ ಮಾಡ್ತಿರ್ತದ. ದಿನಾ. ನಿಮಗೂ ಮನಿ ಹಿಂದ ಒಂದ ಕಳೆ ಬರ್ತದ."

ಬಾಯಾರು ಎದ್ದು ಕುಳಿತರು. ಊರಿನ ಐವತ್ತು ಮನೆಗಳಲ್ಲಿ ಯಾರು ಹುಟ್ಟಿದರು, ಯಾರು ಜಗಳವಾಡಿದರು ಎಂಬುದೆಲ್ಲ ಅವರ ಕಿವಿ ದಾಟಿಯೇ ಹೋಗಬೇಕು. ಇದೊಂದು ಮಾತು ಮಾತ್ರ ಮನೆಯಿಂದ ಮನೆಗೆ ನಡೆದುಕೊಂಡು ಹೋಗಿ ತೀರ್ಮಾನವಾಗಿತ್ತು, ಯಾಕೆಂದರೆ ಎರಡರಲ್ಲಿ ಒಂದು ಮನೆಯ ಫೋನನ್ನು ಅವರೇ ಮಲಗಿಸಿದ್ದರು.

ರಿಸೀವರ್ ಇಟ್ಟು, ಅವರು ನೇರವಾಗಿ ಚಹದ ಒಲೆಯ ಹತ್ತಿರ ಹೋಗಿ ಕಡ್ಡಿಪೆಟ್ಟಿಗೆ ಮತ್ತು ಕತ್ತರಿ ತಂದರು.

"ಇನ್ಮ್ಯಾಲೆ ಬ್ಯಾಂಡ್ ಅಂದರ ಹದಿನಾರು," ಎಂದು ರಟ್ಟು ಕತ್ತರಿಸಿ ಮಡಚತೊಡಗಿದರು. "ಒಂಬತ್ತಕ್ಕ ಇದು."

"ಬಾಯಾರ," ಎಂದೆ. "ಒಂಬತ್ತಕ್ಕ ಕರೆ ಬರದಿದ್ರ ಅವರು ದಿನಾ ಮನ್ಯಾಗ ಇರ್ತಾರಲ್ರಿ."

ಅವರ ಕೈ ನಿಂತಿತು.

"ಕರೆ ಕೊಟ್ರ ಬೆಳೀತಾರ, ಎರಡ ಮೇಳ ಆಗ್ತಾರ," ಎಂದರು ನಿಧಾನವಾಗಿ. "ಕೊಡದಿದ್ರ ಮನ್ಯಾಗ ಕುಂತು ಬಾರಿಸ್ತಾರ."

"ಹೌದ್ರಿ."

"ಅರ್ಧ ಇವಗ, ಅರ್ಧ ಅವಗ ಕೊಟ್ರ?"

"ಸಾಮಾನು ಹದಿನಾರರಾಗ ಉಳೀತಾವ. ಒಂಬತ್ತರವರು ಒಂದ ದಿನ ಬಿಟ್ಟು ಒಂದ ದಿನ ಹೊರಗಿರ್ತಾರ."

ಬಾಯಾರು ಗೋಡೆಯ ಕಡೆ ನೋಡಿದರು, ಅದರ ಆಚೆ ಮೂರು ಓಣಿ ದಾಟಿದರೆ ಅವರ ಮನೆ. ನನ್ನ ಎಂ.ಎ. ಓದು ಹೇಳಿದ್ದ ನ್ಯಾಯಕ್ಕೆ ಅವರು ತಮ್ಮ ನಿದ್ದೆಯ ಲೆಕ್ಕದಿಂದ ಬಂದು ಮುಟ್ಟಿದ್ದರು. ಆದರೆ ಕೊಳಕೂರಿನ ಕರೆಯ ಸಂಗತಿ ಹೇಳಿದಾಗ ಅವರೂ ತಲೆ ಆಡಿಸಿದರು. ಹದಿನಾರರವರು ಕರೆ ಬಂದರೂ ಒಲ್ಲೆ ಎನ್ನುತ್ತಿದ್ದಾರೆ. ತಮಗೆ ಊದಲು ಬರುವುದಿಲ್ಲವೆಂದು ನಂಬಿದ್ದಾರೆ. ಯಾರಾದರೂ ಹೋಗಿ ನಡೆದದ್ದನ್ನು ಹೇಳಬೇಕು.

"ನಾ ಹೇಳಾಂಗಿಲ್ಲ," ಎಂದರು ಬಾಯಾರು. "ನಾಕ ತಿಂಗಳು ಅವಗ ಜೋರಲೆ ತಿರುವು, ಜೋರಲೆ ತಿರುವು ಅಂದೇನಿ. ಯಾವ ಮಾರಿ ತಗೊಂಡ ಹೋಗ್ಲಿ?" ಹೆಣೆಯುವ ಕಡ್ಡಿ ಎತ್ತಿಕೊಂಡರು, ಮತ್ತೆ ಕೆಳಗಿಟ್ಟರು. "ನೀನ ಹೇಳ್ತೀಯೋ ಬಿಡ್ತೀಯೋ, ನನಗ ಕೇಳಬ್ಯಾಡ. ನಾ ಮಲಗೇನಿ."

ಆ ಸಂಜೆ ಕೋಣೆಗೆ ಹೋಗಿ ರುಜು ಹಾಕಿದ ಕಾಗದದ ಮಾತುಗಳನ್ನು ನೆನಪಿಸಿಕೊಂಡೆ. ಬೋರ್ಡಿನ ಮುಂದೆ ಕೇಳಿದ್ದನ್ನು ಹೇಳಬಾರದು ಎಂದಿತ್ತು. ರಟ್ಟನ್ನು ನಾನು ಕೇಳಿರಲಿಲ್ಲ, ನೋಡಿದ್ದೆ. ಇದು ವಾದವಲ್ಲ, ನೆಪ ಎಂದು ನನಗೆ ಗೊತ್ತಿತ್ತು. ಶುಕ್ರವಾರ ಅವರು ಎದುರಿಗೆ ನಿಂತಾಗಲೂ ಇದೇ ನೆಪ ನನ್ನ ಕೈಗೆ ಸಿಗಬಹುದಿತ್ತು. ಹುಡುಕಿರಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಹಳ್ಳದ ದಂಡೆಯ ಮನೆಗೆ ಹೋದೆ. ಅಂಗಳದಲ್ಲಿ ಡೋಲುಗಳನ್ನು ಹಳೆಯ ಸೀರೆಗಳಲ್ಲಿ ಕಟ್ಟಿಟ್ಟಿದ್ದರು. ಮಾಸ್ತರರು ಪಡಸಾಲೆಯಲ್ಲಿ ಕುಳಿತು ಕ್ಲಾರಿನೆಟ್ಟನ್ನು ಒರೆಸುತ್ತಿದ್ದರು. ನಾನು ಪರ್ಸಿನಿಂದ ರಟ್ಟನ್ನು ತೆಗೆದು ಫೋನಿನ ಪಕ್ಕ ಇಟ್ಟೆ.

"ಕಾಕಾರ, ಇದು ನಿಮ್ಮ ನಂಬರಿನ ಮುಚ್ಚಳದಾಗ ಸಿಗಿಸಿತ್ತು. ನೀವು ತಿರುವಿದ್ದು ನಮಗ ಕಾಣ್ತಿರಲಿಲ್ಲ. ಬಂದ ಕರೆ ಎಲ್ಲಾ ಒಂಬತ್ತಕ್ಕ ಹೋಗ್ತಿದ್ದವು, ನಾಕ ತಿಂಗಳು. ಶುಕ್ರವಾರ ನೀವು ಬಂದಾಗೂ ಇದು ಅಲ್ಲೇ ಇತ್ತು. ನನಗ ಗೊತ್ತಿತ್ತು."

ಅವರು ಅದನ್ನು ಬೆರಳಲ್ಲಿ ಎತ್ತಿ, ತಿರುಗಿಸಿ, ಮಡಿಕೆ ಬಿಚ್ಚಿ ನೋಡಿದರು.

"ಇಷ್ಟ?"

"ಇಷ್ಟರಿ."

ಒಳಗಿನಿಂದ ಅವರ ಹೆಂಡತಿ ಬಂದು ನಿಂತಿದ್ದರು. "ನಾ ಶುಕ್ರವಾರನ ಹೇಳಿದ್ದೆ," ಎಂದರು. "ಎಕ್ಸ್‌ಚೇಂಜಿನವರು ಫೋನ್ ಮಾಡಿದ್ರು. ನಮ್ಮ ಫೋನ್ ಕೆಟ್ಟದ ಅಂತ ಅವರಿಗೂ ಹೇಳೇನಿ."

ನಾನು ಚಪ್ಪಲಿ ಹಾಕಿಕೊಂಡು ಎಂಟಕ್ಕೆ ಹತ್ತು ನಿಮಿಷವಿರುವಾಗ ಎಕ್ಸ್‌ಚೇಂಜಿಗೆ ಬಂದೆ. ಗೋಡೆಯ ಹಾಳೆಯಲ್ಲಿ ಬ್ಯಾಂಡ್ ಎಂಬುದರ ಮುಂದೆ ಒಂಬತ್ತರ ಪಕ್ಕದಲ್ಲಿ ಹದಿನಾರು ಎಂದು ಬರೆದೆ. ಬಾಯಾರು ನೋಡಿಯೂ ನೋಡದವರಂತೆ ಉಣ್ಣೆ ಸುತ್ತುತ್ತಿದ್ದರು.

ಎಂಟೂ ಹತ್ತಕ್ಕೆ ಹದಿನಾರರ ಮುಚ್ಚಳ ಬಿತ್ತು. ಮೆಲ್ಲಗೆ ತಿರುವಿದ್ದರು.

"ಒಂಬತ್ತಕ್ಕ ಹಚ್ಚರಿ. ಇವತ್ತ ಸಾಮಾನಿಗೆ ಬರಬ್ಯಾಡ್ರಿ ಅಂತ ಹೇಳೂದದ."

ಹಚ್ಚಿಕೊಟ್ಟೆ. ಎತ್ತಿದ್ದು ಖಾತ್ರಿಯಾದ ಮೇಲೆ ಮುಂದಿನ ಮಾತು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮುಚ್ಚಳ ಮತ್ತೆ ಬಿತ್ತು.

"ಶನಿವಾರ ಕೊಳಕೂರದಿಂದ ಯಾರೋ ಮಾಡಿದ್ರು ಯವ್ವಾ. ನಾ ನಂಬರ್ ಕೇಳಿಲ್ಲ."

ಶನಿವಾರದ ಚೀಟಿಗಳ ಕಟ್ಟು ಬಿಚ್ಚಿ ಕೊಳಕೂರಿನ ನಂಬರು ಹುಡುಕಿದೆ. ಟ್ರಂಕ್ ಲೈನಿಗೆ ಮಾಸ್ತರರಿಗಿಂತ ಮೊದಲು ಬುಕ್ ಮಾಡಿ ಕಾಯುತ್ತಿದ್ದವರು ಮೂವರಿದ್ದರು. ಮಾಸ್ತರರನ್ನು ಸರದಿಯಲ್ಲಿ ನಾಲ್ಕನೆಯವರೆಂದು ಬರೆದುಕೊಂಡೆ.